ಸ್ವಂತ ಮಾತಿನಲ್ಲಿ

ನಾಲ್ಕು ನಿಮಿಷ ನಲವತ್ತೊಂಬತ್ತು ಸೆಕೆಂಡು. ಅಮರನಾಥ್ ಕೈಗಡಿಯಾರವನ್ನು ನಂಬದೆ ಫೋನು ನೋಡಿದ. ಫೋನನ್ನೂ ನಂಬದೆ, ಕ್ರೀಡಾ ಅಕಾಡೆಮಿಯ ಪರವಾಗಿ ಆಯ್ಕೆಗೆ ಬಂದಿದ್ದ ಮುರಳಿಮೋಹನನ ಮುಖ ನೋಡಿದ. ಅಲ್ಲಿಯೂ ಅದೇ ಇತ್ತು. ಹದಿನೈದರ ಹುಡುಗಿಯೊಬ್ಬಳು ಕೋಲಾರದ ಈ ಮಣ್ಣಿನ ಮೇಲೆ ಒಂದೂವರೆ ಸಾವಿರ ಮೀಟರನ್ನು ಇಷ್ಟು ಬೇಗ ಓಡಿದ್ದನ್ನು ತಾನಂತೂ ಕಂಡಿಲ್ಲ ಎಂದು ಅವನು ಹೇಳಿದ. ಆ ಹುಡುಗಿ ಚಂದನ, ಅಮರನಾಥನ ಮಗಳು.

ಮಗಳು ಎನ್ನುವುದಕ್ಕಿಂತ ಪ್ರಬಂಧ ಎಂದರೆ ಸರಿಯಾದೀತು. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವ ಅಮರನಾಥ್ ಡಾಕ್ಟರೇಟು ಪಡೆದದ್ದು ಪರಿಸರ, ಪೋಷಣೆ ಮತ್ತು ಎಳೆಯ ಕ್ರೀಡಾಪಟುಗಳ ಬೆಳವಣಿಗೆಯ ಮೇಲೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದ. ಹುಟ್ಟುಪ್ರತಿಭೆ ಎನ್ನುವುದು ಸೋಮಾರಿಗಳ ಮಾತು ಎಂದು ತರಗತಿಯಲ್ಲಿ ಹೇಳುತ್ತಿದ್ದ. ಹೇಳಿದ್ದನ್ನು ಮನೆಯಲ್ಲಿ ಮಾಡಿಯೂ ತೋರಿಸಿದ್ದ.

ಐದು ತುಂಬುತ್ತಲೇ ಚಂದನಳನ್ನು ಆವನಿಯ ಅಜ್ಜಿಮನೆಯಿಂದ ಕೋಲಾರಕ್ಕೆ ತಂದಿದ್ದ. ಆ ಐದು ವರ್ಷಗಳಿಗೆ ಅವನ ಲೆಕ್ಕದಲ್ಲಿ ಜಾಗವಿರಲಿಲ್ಲ. ಆಮೇಲಿನದೆಲ್ಲ ಪಟ್ಟಿಯಲ್ಲಿತ್ತು: ಎದ್ದ ಹೊತ್ತು, ಮಲಗಿದ ಹೊತ್ತು, ಕುಡಿದ ರಾಗಿ ಗಂಜಿ, ತಿಂದ ಮೊಟ್ಟೆ. ಟೀವಿ ಹೋಯಿತು. ಗೆಳತಿಯರನ್ನೂ ಅವನೇ ಆರಿಸಿದ. ಮಾಲೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಡತಿ ಸುನಂದ ಈ ವಿಷಯದಲ್ಲಿ ಬಾಯಿ ಹಾಕುವುದನ್ನು ಬಿಟ್ಟು ವರ್ಷಗಳಾಗಿದ್ದವು. ಚಂದನ ಒಂದು ದಿನವೂ ಹಟ ಹಿಡಿದವಳಲ್ಲ.

ಹೆಮ್ಮೆಯಿಂದ ಅವನ ಎದೆ ಬಿರಿಯುವಂತಿತ್ತು. ಮುಚ್ಚಿಡುವುದೇಕೆ? ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನದು ಹೆಗ್ಗಣವೂ ಅಲ್ಲ, ಜಿಂಕೆ.

“ಇದೊಂದು ಖಾಲಿ ಬಿಟ್ಟಿದೀರಲ್ಲ ಸಾರ್,” ಎಂದು ಮುರಳಿಮೋಹನ್ ಅಕಾಡೆಮಿ ಸೇರುವ ಅರ್ಜಿಯನ್ನು ತಿರುಗಿಸಿ ತೋರಿಸಿದ.

ಕೊನೆಯ ಪುಟದಲ್ಲಿ ಒಂದು ಚೌಕವಿತ್ತು. ‘ನಾನು ಏಕೆ ಓಡುತ್ತೇನೆ? ಕ್ರೀಡಾಪಟುವು ಸ್ವಂತ ಮಾತಿನಲ್ಲಿ, ಸ್ವಂತ ಕೈಬರಹದಲ್ಲಿ ಐದು ಸಾಲು ಬರೆಯತಕ್ಕದ್ದು.’

“ಅದು ಅವ್ಳೇ ಬರೀಬೇಕು.”

“ಬರ್ಸಿ. ನಾಳೆ ಹತ್ತು ಗಂಟೆಗೆ ಲಿಸ್ಟ್ ಹೋಗತ್ತೆ. ಅದಿಲ್ದೆ ತಗೊಳಲ್ಲ. ಸೀಟು ಬೇರೆಯೋರ್ಗೆ ಕೊಟ್ಬಿಡ್ತಾರೆ.”

ಹತ್ತು ವರ್ಷದ ಕೆಲಸದ ಮುಂದೆ ಐದು ಸಾಲು ಯಾವ ಮಹಾ? ಅಮರನಾಥ್ ಮಗಳನ್ನು ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂರಿಸಿ ಪೆನ್ನು ಕೊಟ್ಟ.

“ಬರಿ.”

ಚಂದನ ಅರ್ಜಿಯನ್ನು ತೊಡೆಯ ಮೇಲೆ ಹರವಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಅವನ ಬಾಯಿಯನ್ನೇ ನೋಡುತ್ತ ಕಾದಳು. ಅವಳು ಉಕ್ತಲೇಖನಕ್ಕೆ ಕೂತಿದ್ದಾಳೆ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ನೀವ್ ಹೇಳಿ ಅಪ್ಪಾ, ಬರ್ಕೊತೀನಿ.”

“ನಾನ್ ಹೇಳಿದ್ರೆ ಅದು ನಿನ್ ಮಾತಾಗಲ್ಲ ಕಣೇ.”

“ಯಾವಾಗ್ಲೂ ನೀವೇ ತಾನೆ ಹೇಳೋದು?”

ದನಿಯಲ್ಲಿ ದೂರಿರಲಿಲ್ಲ. ಇದ್ದರೆ ವಾಸಿಯಿತ್ತು, ಅದಕ್ಕೆ ಉತ್ತರ ಅವನ ಹತ್ತಿರವಿತ್ತು.

“ಓಡೋದು ಇಷ್ಟ ತಾನೆ ನಿಂಗೆ?”

ಅವಳು ನಿಜವಾಗಿಯೂ ಯೋಚಿಸಿದಳು. ಹುಬ್ಬು ಗಂಟಾಯಿತು. “ಇಷ್ಟ ಅಂತ ಬರೀಲಾ?”

ಮಕ್ಕಳ ಬೆಳವಣಿಗೆಯ ಮೇಲೆ ಮುನ್ನೂರು ಪುಟ ಬರೆದವನು ಅಮರನಾಥ್. ಐದು ಸಾಲು ಹೇಳುವುದು ಒಂದು ನಿಮಿಷದ ಮಾತು. ಆದರೆ ಆ ಸಾಲುಗಳು ಈ ಹುಡುಗಿಯ ಬಾಯಲ್ಲಿ ಹೇಗೆ ಕೇಳಿಸಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವಳ ದನಿ ಎಂದು ಇಷ್ಟು ವರ್ಷ ಕೇಳಿದ್ದೆಲ್ಲ ತನ್ನದೇ.

“ಅಜ್ಜಿ ಮನೆಗೆ ಹೋಗೋಣ್ವಾ?” ಎಂದಳು ಚಂದನ.

ಅವಳು ತಾನಾಗಿ ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಕೂಡಲೇ ಒಪ್ಪಿದ. ಪರಿಸರ ಬದಲಾದರೆ ಬರವಣಿಗೆಗೂ ಒಳ್ಳೆಯದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮುಳಬಾಗಿಲಿನವರೆಗೂ ಟೊಮೊಟೊ ಲಾರಿಗಳ ಹಿಂದೆಯೇ ಕಾರು ತೆವಳಿತು. ಚಂದನ ಕಿಟಕಿಯಾಚೆ ನೋಡುತ್ತಿದ್ದಳು. ಅವನು ಮನಸ್ಸಿನಲ್ಲಿ ಐದು ಸಾಲು ಜೋಡಿಸುತ್ತ, ಕೆಡಿಸುತ್ತ, ಜೋಡಿಸುತ್ತ ಹೋದ. ಆವನಿಯ ಬೆಟ್ಟ ಕಾಣುವ ಹೊತ್ತಿಗೆ ಮೊದಲ ಸಾಲು ಬಹಳ ಚೆನ್ನಾಗಿ ಬಂದಿತ್ತು.

ಅವನ ತಾಯಿ ಅಶ್ವತ್ಥಮ್ಮ ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲೇ ತಡೆದಳು. “ಕಾಲ್ ತೊಳ್ಕೊಂಡು ಬಾರೋ. ರೋಡಿನ್ ದೂಳೆಲ್ಲ ನನ್ ಉಳಗಳ್ಗೆ ತರ್ಬ್ಯಾಡ.” ಮೊಮ್ಮಗಳನ್ನು ಕಂಡು ದನಿ ಕರಗಿತು. “ರಾ ತಲ್ಲೀ, ಬಾ ನನ್ ತಾಯಿ, ಎಂಗ್ ಸೊರಗವ್ಳೆ ನೋಡು ಬಂಗಾರು.”

“ಸೊರಗಿಲ್ಲಮ್ಮ. ಓಡೋರು ಹಿಂಗೇ ಇರ್ಬೇಕು. ಇವತ್ತು ಎಷ್ಟರಲ್ಲಿ ಓಡಿದ್ಳು ಗೊತ್ತಾ?”

“ಯಾಕ್ ಓಡಿದ್ಳು?”

ಚಂದನ ಕಾಲು ತೊಳೆದು, ಅರ್ಜಿ ಹಿಡಿದುಕೊಂಡೇ ಒಳಗೆ ಹೋದಳು. ಅಶ್ವತ್ಥಮ್ಮ ಹಿಪ್ಪುನೇರಳೆ ಸೊಪ್ಪಿಗೆ ಒದ್ದೆ ಗೋಣಿ ಹೊದಿಸಲು ಹಿತ್ತಿಲಿಗೆ ನಡೆದಳು.

ಅವನೂ ಕಾಲು ತೊಳೆದು ಒಳಗೆ ಬಂದ. ಹುಳುಮನೆ ತಂಪಾಗಿ, ಅರೆಗತ್ತಲಾಗಿತ್ತು. ತಟ್ಟೆಗಳಲ್ಲಿ ಸುಣ್ಣದ ಪುಡಿ ಉದುರಿಸಿತ್ತು. ಒಂದು ಎಲೆಯಿಲ್ಲ. ಸಾವಿರಾರು ಹುಳುಗಳು ಮುಂದಿನ ಅರ್ಧ ಮೈಯನ್ನು ಮೇಲೆತ್ತಿ ಕಲ್ಲಿನಂತೆ ನಿಂತಿದ್ದವು. ಹಸಿದಿವೆ ಎನಿಸಿತು ಅವನಿಗೆ. ವಯಸ್ಸಾಯಿತು, ಅಮ್ಮ ಮರೆತಿದ್ದಾಳೆ. ಬಾಗಿಲ ಬಳಿಯ ಬುಟ್ಟಿಯಿಂದ ಹಿಡಿ ಸೊಪ್ಪು ಎತ್ತಿಕೊಂಡು ತಟ್ಟೆಯ ಮೇಲೆ ಕೈ ಚಾಚಿದ.

ಹಿಂದಿನಿಂದ ಬಂದ ಅಶ್ವತ್ಥಮ್ಮ ಮಣಿಕಟ್ಟು ಹಿಡಿದಳು.

“ಏನ್ಲಾ ಮಾಡ್ತೀಯ? ಜ್ವರಕ್ ಕೂತವೆ ಅವು. ಚರ್ಮ ಬಿಡ್ತಾವೆ. ಉಳದ್ ಮನೇಲಿ ಉಟ್ಟಿ ಇಷ್ಟೂ ಮರ್ತ್ಯಾ?”

“ಹಸ್ದಿರ್ತವೆ ಅಂತ…”

“ಇವಾಗ್ ಸೊಪ್ ಆಕಿದ್ರೆ ಒಂದ್ ದಪ್ಪ ಒಂದ್ ಸಣ್ಣ, ಎಲ್ಲ ಎಚ್ಚುಕಮ್ಮಿ ಆಗೋಯ್ತವೆ. ಗೂಡು ಕಟ್ಟಕಿಲ್ಲ. ಸುಮ್ಕೆ ಬಿಟ್ಬಿಡ್ಬೇಕು ಕಣೋ.”

“ಎಷ್ಟೊತ್ತಿಗೆ ಏಳ್ತವೆ?”

“ಅವು ಎದ್ದಾಗ.” ಅವಳು ಮಾಮೂಲಿ ದನಿಯಲ್ಲಿ ಸೇರಿಸಿದಳು, “ಕೆಲವು ಏಳಾದೇ ಇಲ್ಲ.”

ಅವನು ಮಗಳಿಗಾಗಿ ಕಣ್ಣಾಡಿಸಿದ. ತಟ್ಟೆಗಳ ಸಾಲಿನ ಕೊನೆಯಲ್ಲಿ ಚಂದನ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಅರ್ಜಿ, ಚೌಕ ಇನ್ನೂ ಬೆಳ್ಳಗಿತ್ತು. ಕತ್ತು ತುಸು ಮೇಲೆತ್ತಿ, ಕಣ್ಣು ಮುಚ್ಚಿ, ಅಲುಗದೆ ಕೂತಿದ್ದಳು. ಅವಳು ಯೋಚಿಸುತ್ತಿದ್ದಾಳೋ, ಕಾಯುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಮೊದಲ ಸಾಲು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹಿಡಿಯಲ್ಲಿ ಸೊಪ್ಪು ಬೆವರಿಗೆ ಬಾಡುತ್ತಿತ್ತು. ಅಮ್ಮ ಅವನ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ.