ಹೊಲಿಯದೆ ಬಿಟ್ಟ ಅಧ್ಯಾಯ

ಮಗಳಿಗೆ ಏನಾಗಿದೆಯೆಂದು ಬೈಂಡಿಂಗ್ ಅಕ್ಕನಿಗೆ ತಿಳಿಯುತ್ತಿರಲಿಲ್ಲ. ಹದಿನಾಲ್ಕರ ಹುಡುಗಿ ಹಗಲಲ್ಲೂ ಕೋಣೆಯ ಚಿಲಕ ಹಾಕಿಕೊಳ್ಳುತ್ತಾಳೆ. ಕರೆದರೆ ಬೆಚ್ಚಿಬೀಳುತ್ತಾಳೆ, ಮಾತಾಡಿಸಿದರೆ ಸಿಡುಕುತ್ತಾಳೆ. ಅಕ್ಕನಿಗೂ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪುಸ್ತಕ ಹೊಲಿಯುವ ಸೂಜಿ ಬೆರಳಿಗೇ ಚುಚ್ಚುತ್ತಿತ್ತು.

"ಎಲ್ಲಾ ಆ ಕಾದಂಬರಿಯಿಂದ್ಲೇ!" ಎಂದು ಅವಳು ಶಾಲೆಯ ಲೈಬ್ರರಿಗೆ ನುಗ್ಗಿದಳು. ಅಲ್ಲಿನ ಹರಿದ ಪುಸ್ತಕಗಳನ್ನು ಮನೆಯಲ್ಲಿ ಹೊಲಿದುಕೊಡುವುದು ಅವಳ ಕೆಲಸ. ಹಾಗೆ ಬಂದ ಒಂದು ಕಾದಂಬರಿಯನ್ನು ಮಗಳು ಓದುತ್ತಿದ್ದುದನ್ನು ಅವಳು ಕಂಡಿದ್ದಳು. ಲೈಬ್ರರಿ ಮೇಡಂ ಹಳೆಯ ಗೆಳತಿ. "ಮನೆಯೋನೇ ಹುಡುಗಿ ಮೈ ಮುಟ್ಟೋ ಕಥೆ ಮಕ್ಕಳ ಕೈಗೆ ಕೊಡ್ತಾರಾ? ಮೊದ್ಲು ತೆಗೆದುಹಾಕು."

ಅಕ್ಕ ಹೊಲಿದು ತಂದ ಆ ಪುಸ್ತಕವನ್ನು ಮೇಡಂ ತಿರುವಿದಳು. "ಕೊನೇ ಅಧ್ಯಾಯ ಎಲ್ಲೇ?"

"ನಾನೇ ಹೊಲೀಲಿಲ್ಲ. ಅದ್ರಲ್ಲಿ ಹುಡುಗಿ ಎಲ್ಲಾ ಹೇಳ್ಬಿಡ್ತಾಳೆ. ಮನೆ ಮಾನ ಬೀದಿಪಾಲು!"

"ಅಯ್ಯೋ ಪುಣ್ಯಾತ್ಗಿತ್ತಿ! ಮಾಡಿದೋನನ್ನ ಹಾಗೇ ಬಿಟ್ಟು, ಹೇಳಿದೋಳ ಬಾಯಿ ಕಟ್ಟಿದ್ಯಲ್ಲೇ. ನಮಗೂ ಹೀಗೇ ತಾನೇ ಕಲಿಸಿದ್ದು? ಅವನು ಮೀಸೆ ತಿರುವ್ಕೊಂಡು ಓಡಾಡ್ತಾನೆ, ನಾಚಿಕೆ ಮಾತ್ರ ಹುಡುಗಿ ತಲೆ ಮೇಲೆ. ಕಥೇಲಿ ಅವಳು ಸಿಡುಕ್ತಾಳೆ, ಚಿಲಕ ಹಾಕ್ಕೋತಾಳೆ. ಅದು ಕೊಬ್ಬಲ್ಲ ಕಣೆ, ಗಾಯ."

"ನನ್ನ ಮಗಳೂ... ಇದನ್ನ ಓದೇ ಹಾಗಾಗಿರ್ಬೇಕು."

"ಓದೋಕೆ ಮುಂಚೆ ಹೇಗಿದ್ಲು?"

ಅಕ್ಕ ಮನಸ್ಸಿನಲ್ಲೇ ದಿನ ಎಣಿಸಿದಳು. ಪುಸ್ತಕ ಮನೆಗೆ ಬರುವ ಮೊದಲೇ ಚಿಲಕ ಬೀಳತೊಡಗಿತ್ತು.

ಓಡೋಡಿ ಮನೆಗೆ ಬಂದಳು. ರದ್ದಿ ರಾಶಿಯಿಂದ ಆ ಪುಟಗಳನ್ನು ಹೆಕ್ಕಿ ಮಗಳಿಗೆ ಕೊಟ್ಟಳು. ಹುಡುಗಿ ನಿಂತೇ ಓದಿದಳು.

"ಅಮ್ಮಾ, ಈ ಕಥೆ ಹುಡುಗೀನ ಅವಳಮ್ಮ ನಂಬಿದ್ಲು. ನೀನು ನಂಬ್ತೀಯಾ?"

"ನಂಬ್ತೀನಿ ಕಂದಾ. ಯಾರು?"

"ಮಾವ."

ಅಂಗಡಿಯಿಂದ ಕಾಗದದ ಬಂಡಲ್ ತಂದುಕೊಡುವ ಅಕ್ಕನ ಒಡಹುಟ್ಟಿದ ತಮ್ಮ! ಅವಳಿಗೆ ಕಿರುಚಬೇಕೆನಿಸಿತು. ತಡೆದುಕೊಂಡಳು. "ನೀನೇನೂ ತಪ್ಪು ಮಾಡಿಲ್ಲ, ಮಗಳೇ. ಹೇಳಿದ್ದು ಒಳ್ಳೇದಾಯ್ತು" ಎಂದು ಪಕ್ಕದಲ್ಲಿ ಕೂತಳು.

ಗಂಡ ಕೇಳಿ ಕುಸಿದುಹೋದ. "ಜನ ಏನಂತಾರೆ? ಒಳಗೊಳಗೇ ಅವನಿಗೆ ಬುದ್ಧಿ ಹೇಳೋಣ."

"ಬುದ್ಧಿ ಹೇಳೋಕೆ ಅವನೇನು ಮಗುನಾ? ಮಗು ಇಲ್ಲಿದೆ, ನೋಡಿ!"

ಅಪ್ಪ ನೋಡಿದ. ಮಗಳು ಉಗುರು ಕಚ್ಚುತ್ತಾ ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು. ಅವನು ಅವಳೆದುರು ಬಂದು ಕೂತ. "ಪೊಲೀಸರಿಗೆ ಹೇಳೋಣ. ಬರ್ತೀಯಾ ಪುಟ್ಟಿ?"

"ನೀವಿಬ್ರೂ ಪಕ್ಕದಲ್ಲೇ ಇರ್ತೀರಾ?"

"ಇರ್ತೀವಿ."

ಮೇಡಂಗೂ ಹೇಳಿಕಳಿಸಿ, ಮೂವರೂ ಠಾಣೆಗೆ ಹೊರಟರು.

ಅಪ್ಪಂದಿರೇ, ಅಮ್ಮಂದಿರೇ, ಇಂಥ ಕಥೆಗಳನ್ನು ಮಕ್ಕಳಿಂದ ಬಚ್ಚಿಡಬೇಡಿ, ಜೊತೆಗೆ ಕೂತು ಓದಿ. ಮಗು ಬಾಯಿಬಿಟ್ಟಾಗ "ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಎಂದು ಪಾಟೀಸವಾಲು ಹಾಕಬೇಡಿ. ದೂರು ಕೊಡಿ. ವೈದ್ಯರ, ಆಪ್ತಸಮಾಲೋಚಕರ ನೆರವು ಪಡೆಯಿರಿ. ಇಂಥ ಗಾಯ ಮಾಯಲು ಕಾಲ ಬೇಕು. ನಮ್ಮ ಮನೆಯಲ್ಲಿ ಹಾಗೆಲ್ಲ ಆಗುವುದಿಲ್ಲ ಎನ್ನುತ್ತೀರಾ? ಅಕ್ಕನೂ ಹಾಗೇ ಅಂದುಕೊಂಡಿದ್ದಳು. ಇವತ್ತೇ ಮಗುವಿನ ಪಕ್ಕ ಕೂತು ಕೇಳಿ, ಅದು ಹೇಳಿದ್ದನ್ನು ನಂಬಿ.