ಕಾರಿನ ಕೆಳಗಿನ ತಗಡು

ನಾನು ಒಂದು ತಗಡಿನ ತಟ್ಟೆ. ಅದಕ್ಕೂ ಮೊದಲು ಕಡಲೆಕಾಯಿ ಎಣ್ಣೆಯ ಡಬ್ಬವಾಗಿದ್ದೆ. ಹಾಸನದ ಪೇಟೆಯಲ್ಲಿ ತಗಡಿನ ಕೆಲಸದ ಜಬ್ಬಾರ್ ಸಾಬರು ನನ್ನನ್ನು ಕತ್ತರಿಸಿ, ಬಡಿದು, ನಾಲ್ಕು ಅಂಚುಗಳನ್ನು ಮಡಚಿ ತಟ್ಟೆಯಾಗಿ ಮಾಡಿದರು. ಮೊದಲಿಗೆ ನಾನು ನೆಲದ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಮುಟ್ಟಿದರೆ ಸಾಕು, ಕಟಕಟ ಎಂದು ಅಲುಗುತ್ತಿದ್ದೆ. ಕೊಳ್ಳಲು ಬಂದಿದ್ದ ಬೇಕರಿಯವನು ನನ್ನ ನಡುವೆ ಹೆಬ್ಬೆರಳಿಟ್ಟು ಜೋರಾಗಿ ಅದುಮಿದ.

"ಅದುಮ್ಬೇಡಿ ಸ್ವಾಮಿ," ಎಂದರು ಸಾಬರು. "ತಗಡು ಅಂದ್ರೆ ಹಂಗೇ. ನಡುವೆ ಅದುಮಿದ್ರೆ ಅಂಚು ಏಳ್ತದೆ."

ಅವರು ನನ್ನನ್ನು ಮಗುಚಿ ಹಾಕಿ, ಮರದ ಕೊಡತಿಯಿಂದ ಅಂಚನ್ನು ಮೆಲ್ಲಗೆ ತಟ್ಟಿದರು. ನಾನು ಸಮನಾಗಿ ಕುಳಿತೆ. ಆ ಒಂದು ಮಾತು ಬಿಟ್ಟರೆ ಬೇರೆ ಯಾವ ವಿದ್ಯೆಯನ್ನೂ ನಾನು ಕಲಿತಿಲ್ಲ.

ಬೇಕರಿಯಲ್ಲಿ ರಸ್ಕು ಹೊತ್ತು ಬಹಳ ವರ್ಷ ಕಳೆದೆ. ಅದು ಬೆಚ್ಚಗಿನ ಕಾಲ. ಹೊಸ ಅಲ್ಯೂಮಿನಿಯಂ ತಟ್ಟೆಗಳು ಬಂದ ಮೇಲೆ ನನ್ನನ್ನು ಬಾಗಿಲ ಹೊರಗೆ ಒರಗಿಸಿದರು. ರಸ್ಕು ಕೊಳ್ಳಲು ಬರುತ್ತಿದ್ದ ಇಂದ್ರಾಣಿಯವರು ನನ್ನನ್ನು ಕಂಡು, "ಸಸಿ ಕುಂಡ ಇಡೋಕೆ ಕೊಡ್ತೀರಾ?" ಎಂದು ಕೇಳಿ ತೆಗೆದುಕೊಂಡರು. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ದುಂಡು ಬೆನ್ನಿನ ಬೂದು ಬಣ್ಣದ ಹಳೆಯ ಕಾರೊಂದು ಅವರಿಗಿತ್ತು, ತಂದೆಯಿಂದ ಬಂದದ್ದು. ಅದರ ಸೀಟಿನ ಮೇಲೆ ನನ್ನನ್ನು ಮಲಗಿಸಿ, ತಿರುವುಗಳಲ್ಲಿ ಜಾರಿ ಬೀಳದಂತೆ ಎಡಗೈಯಿಂದ ಹಿಡಿದುಕೊಂಡರು. ನನ್ನನ್ನು ಹಾಗೆ ಹಿಡಿದುಕೊಂಡವರು ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಅವರ ಗಂಡ ನಾಗಭೂಷಣರಾಯರು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಕಾರು ಓಡಿಸುವುದು ಅವರಿಗೆ ಬರುತ್ತಿತ್ತು, ಆದರೆ ಓಡಿಸುತ್ತಿರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತಿದ್ದರು. ಅವರು ಹೇಳಿದ ದಾರಿಯನ್ನು ಬಿಟ್ಟು ಇಂದ್ರಾಣಿಯವರು ಬೇರೆ ದಾರಿ ಹಿಡಿಯುತ್ತಿದ್ದರು. ಇಬ್ಬರೂ ನಗುತ್ತಾ ಮೆಟ್ಟಿಲು ಹತ್ತಿ ಬರುವುದು ಮಹಡಿಯ ಬಾಡಿಗೆ ಮನೆಯ ಬಾಲ್ಕನಿಯಲ್ಲಿದ್ದ ನನಗೆ ಕೇಳಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಇಂದ್ರಾಣಿಯವರು ತೀರಿಕೊಂಡರು. ರಾಯರು ಕುಂಡಗಳಿಗೆ ನೀರು ಹಾಕುತ್ತಿದ್ದರು, ಅತಿಯಾಗಿ. ಒಂದೊಂದೇ ಗಿಡ ಕೊಳೆಯಿತು. ಕೊನೆಗೆ ಮಣ್ಣು ಒರೆಸಿ ನನ್ನನ್ನು ಕೆಳಗೆ ಒಯ್ದು ಕಾರಿನ ಕೆಳಗೆ ತಳ್ಳಿದರು. ಕಾರು ಎಣ್ಣೆ ಸೋರತೊಡಗಿತ್ತು.

ಅಲ್ಲಿಂದ ನನ್ನ ಕತ್ತಲೆಯ ಬದುಕು. ಮೇಲೆ ಕಪ್ಪು ಎಂಜಿನ್ನು, ಕೆಳಗೆ ತಣ್ಣನೆಯ ಕೆಂಪು ಗಾರೆ. ಮಾತನಾಡುವವರಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ತೊಟ್ಟು ಬೀಳುತ್ತಿತ್ತು. ಅದೊಂದೇ ನನ್ನ ನೆಂಟ.

ಬೆಳಿಗ್ಗೆ ರಾಯರ ಚಪ್ಪಲಿ ಮೆಟ್ಟಿಲಿಳಿದು ಬರುತ್ತಿತ್ತು. ಮಂಡಿಯೂರಿ ನನ್ನನ್ನು ಎಳೆದು ನೋಡಿ, "ಇವತ್ತೂ ಬಿದ್ದಿದೆ," ಎಂದು ತಮಗೆ ತಾವೇ ಹೇಳಿಕೊಂಡು ಚಿಂದಿ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆಮೇಲೆ ಸ್ಪ್ಯಾನರ್ ಹಿಡಿದು ಕೈಗೆ ಸಿಕ್ಕ ನಟ್ಟನ್ನೆಲ್ಲ ಇನ್ನಷ್ಟು ಬಿಗಿ ಮಾಡುತ್ತಿದ್ದರು. ಎಂಜಿನ್ನಿನ ತಲೆಯ ಮೇಲೆ ಒಂದು ತಗಡಿನ ಮುಚ್ಚಳವಿದೆ. ಅದರ ನಟ್ಟುಗಳನ್ನು ತಿರುಗಿಸುವಾಗ ಅವರ ಉಸಿರು ಕಟ್ಟುವುದು ಕೆಳಗಿದ್ದ ನನಗೂ ಕೇಳಿಸುತ್ತಿತ್ತು. ಹೆಂಡತಿಯ ಗಾಡಿಗೆ ಅವರಿಂದಾಗುತ್ತಿದ್ದ ಸೇವೆ ಅದೊಂದೇ.

ಆ ಮುಚ್ಚಳವೂ ನನ್ನ ಜಾತಿಯದೇ. ಅದಕ್ಕೇನಾಗುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಆದರೆ ತಟ್ಟೆಗೆ ಬಾಯಿ ಎಲ್ಲಿದೆ?

ಎಂಜಿನ್ನು ಕೆಡದಿರಲೆಂದು ರಾಯರು ಆಗಾಗ ಕಾರನ್ನು ಗೇಟಿನಾಚೆಗೆ ಒಯ್ದು ತರುವಾಗ ಅಲ್ಲೂ ಎಣ್ಣೆ ಬೀಳುತ್ತಿತ್ತು. ಒಂದು ಮುಂಜಾನೆ ರಂಗೋಲಿ ಹಾಕಲು ಬಂದ, ಕೆಳಗಿನ ಮನೆಯಲ್ಲೇ ಇದ್ದ ಮನೆಯ ಒಡತಿ ಚೆನ್ನಾಜಮ್ಮ ಜಾರಿ ಬಿದ್ದರು. ಮಣಿಕಟ್ಟು ಊದಿಕೊಂಡಿತು.

"ರಾಯರೇ, ನಿಮ್ ದುಃಖ ನಂಗೊತ್ತು. ಆದ್ರೆ ನನ್ ಸೊಂಟ ಮುರಿದ್ರೆ ಯಾರು ನೋಡ್ತಾರೆ? ಗೌರಿ ಹಬ್ಬಕ್ಕೆ ನೆಂಟ್ರು, ಮಕ್ಳು ಎಲ್ಲ ಬರ್ತಾರೆ. ಅಷ್ಟರೊಳಗೆ ಸೋರೋದು ನಿಲ್ಲಿಸಿ. ಇಲ್ಲಾಂದ್ರೆ ಗಾಡಿ ಇಲ್ಲಿ ಬೇಡ."

ಮೆಕ್ಯಾನಿಕ್ ಇಲಿಯಾಸ್ ನನ್ನ ಪಕ್ಕ ಮಲಗಿ ಟಾರ್ಚ್ ಬಿಟ್ಟು ನೋಡಿದ. ಎಂಜಿನ್ನಿನ ತಳದ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಾಯಿಸಿದ. ತೊಟ್ಟು ಬಿತ್ತು. ಎಣ್ಣೆ ಇಳಿಸುವ ಬೋಲ್ಟಿನ ವಾಷರ್ ಬದಲಾಯಿಸಿದ. ಮತ್ತೂ ಬಿತ್ತು.

"ಹಿಂದಿನ ಎಣ್ಣೆ ಸೀಲೇ ಹೋಗಿದೆ ಸಾರ್. ಎಂಜಿನ್ ಪೂರ್ತಿ ಇಳಿಸ್ಬೇಕು. ಈ ಮಾಡಲ್‌ಗೆ ಸೀಲ್ ಎಲ್ಲಿ ಹುಡುಕ್ಲಿ? ಅರಸೀಕೆರೆಯಲ್ಲಿ ಒಬ್ರು ಹಳೇ ಗಾಡಿ ಇಟ್ಕೋತಾರೆ. ಕೊಟ್ಬಿಡಿ, ಚೆನ್ನಾಗಿ ನೋಡ್ಕೋತಾರೆ."

ಅವನು ಹೋದ ಮೇಲೆ ರಾಯರು ಕಾರಿನ ಬಾಗಿಲು ತೆರೆದು, ಎಂದಿನಂತೆ ಪಕ್ಕದ ಸೀಟಿನಲ್ಲೇ ಕುಳಿತರು. ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಹಬ್ಬಕ್ಕೆ ಮೂರು ದಿನವಿರುವಾಗ ಚೆನ್ನಾಜಮ್ಮನ ಕಾಲುಗಳು ಕಾರಿನ ಬಳಿ ಬಂದು ನಿಂತವು.

"ರಾಯರೇ, ನನ್ ರಂಗೋಲಿ ಮೇಲೆ ಎಣ್ಣೆ ಬಿದ್ರೆ ತಕ್ಷಣ ಕಪ್ಪಗೆ ಕಾಣುತ್ತಲ್ಲ. ಆ ಎಂಜಿನ್ನಿಗೂ ಬಿಳೀ ಪುಡಿ ಹಾಕಿದ್ರೆ?"

"ರಂಗೋಲಿ ಪುಡಿಯೇ? ಅದು ಕಲ್ಲಿನ ಪುಡಿಯಲ್ಲವೇನ್ರೀ, ಎಂಜಿನ್ನು ಸವೆದುಹೋಗುತ್ತೆ!"

"ಕಲ್ಲು ಬೇಡ ಬಿಡಿ. ಮೊಮ್ಮಗಳ ಮುಖದ ಪೌಡರ್ ಇದೆ. ನಿಮ್ ಗಾಡಿಗೆ ಮದುವೆ ಸಿಂಗಾರ ಮಾಡೋಣ."

ರಾಯರು ಎಷ್ಟೋ ತಿಂಗಳ ಮೇಲೆ ನಕ್ಕರು. ಸೀಮೆಎಣ್ಣೆಯಲ್ಲಿ ಎಂಜಿನ್ನನ್ನು ಒರೆಸಿ, ಒಣಗಿಸಿ, ಮೇಲಿಂದ ಕೆಳಗಿನವರೆಗೆ ಪೌಡರ್ ಹಚ್ಚಿದರು. ಮಲ್ಲಿಗೆಯ ಪರಿಮಳ ನನ್ನವರೆಗೂ ಇಳಿಯಿತು. ಎಂಜಿನ್ನು ಸ್ವಲ್ಪ ಹೊತ್ತು ಓಡಿತು.

"ಇಲ್ನೋಡಿ," ಎಂದರು ಚೆನ್ನಾಜಮ್ಮ. "ಕೆಳಗಿಂದಲ್ಲ ರೀ. ಮೇಲಿಂದ ಬರ್ತಿದೆ!"

ತಲೆಯ ಮುಚ್ಚಳದ ಹಿಂದಿನ ಅಂಚಿನಿಂದ ಒಂದು ಕಪ್ಪು ಗೆರೆ ಹೊರಟು, ಎಂಜಿನ್ನಿನ ಬೆನ್ನಿನ ಮೇಲೆ ಹರಿದು, ನನ್ನ ನೆತ್ತಿಯ ಮೇಲೆ ಮುಗಿದಿತ್ತು. ಎಲ್ಲರೂ ತೊಟ್ಟು ಬೀಳುವ ಜಾಗದಲ್ಲೇ ಹುಡುಕಿದ್ದರು. ಜೀವನವಿಡೀ ನಕ್ಷೆಯಲ್ಲಿ ಹೊಳೆಗಳನ್ನು ಬರೆದಿದ್ದ ರಾಯರು ಆ ಗೆರೆಯನ್ನೇ ನೋಡುತ್ತ ನಿಂತರು. ಆಮೇಲೆ ಮುಚ್ಚಳ ಬಿಚ್ಚಿ ನೆಲದ ಮೇಲಿಟ್ಟರು. ಅದು ಕಟಕಟ ಎಂದು ಅಲುಗಿತು.

ಆ ಸದ್ದು ನನ್ನ ಬಾಲ್ಯದ ಸದ್ದು.

"ನಾನೇ ಬಿಗಿ ಮಾಡಿ ಬಿಗಿ ಮಾಡಿ ಸೊಟ್ಟ ಮಾಡಿದ್ದೀನಿ," ಎಂದರು ರಾಯರು.

"ಆಯ್ತು ಬಿಡಿ," ಎಂದರು ಚೆನ್ನಾಜಮ್ಮ. "ಸಡಿಲ ಮಾಡಿದ್ರೆ ಆಯ್ತು."

ರಾಯರು ಮುಚ್ಚಳದ ಅಂಚನ್ನು ಹಲಗೆಯ ಮೇಲಿಟ್ಟು ತಟ್ಟಿ ಸಮ ಮಾಡಿದರು. ಅದರಡಿಗೆ ಹೊಸ ಕಾರ್ಕ್ ಪಟ್ಟಿಯಿಟ್ಟು, ನಟ್ಟನ್ನು ಹದವಾಗಿ ತಿರುಗಿಸಿ ಕೈ ತೆಗೆದರು. ಮರುದಿನ ನಾನು ಒಣಗಿದ್ದೆ. ಅದರ ಮರುದಿನವೂ. ಗೌರಿ ಹಬ್ಬದ ದಿನ ಮಕ್ಕಳು ಕಾರಿನ ಸುತ್ತ ಓಡಾಡಿದರು, ಯಾರೂ ಜಾರಲಿಲ್ಲ. ಕಾರು ಅರಸೀಕೆರೆಗೆ ಹೋಗಲಿಲ್ಲ.

ನನ್ನನ್ನು ಗೋಡೆಗೆ ಒರಗಿಸಿದರು. ಒಳ್ಳೆಯದಾಯಿತೆಂದು ಸಂತೋಷಪಟ್ಟೆ. ಆದರೆ ತೊಟ್ಟಿನ ಸದ್ದಿಲ್ಲದ ರಾತ್ರಿಗಳು ಬಹಳ ಉದ್ದ. ರಾಯರ ಚಪ್ಪಲಿಯ ಸದ್ದೂ ನಿಂತಿತು. ಇಳಿದು ಬರಲು ಅವರಿಗೇನು ಕೆಲಸ? ಮಹಡಿಯ ಕಿಟಕಿ ಮಧ್ಯಾಹ್ನವಾದರೂ ತೆರೆಯುತ್ತಿರಲಿಲ್ಲ.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಚೆನ್ನಾಜಮ್ಮ ನನ್ನನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಮತ್ತೆ ಕಾರಿನ ಕೆಳಗೆ ತಳ್ಳಿದರು.

"ರಾಯರೇ! ತಟ್ಟೆ ನೋಡಿದ್ರಾ?"

ಕಿಟಕಿ ಸ್ವಲ್ಪ ತೆರೆಯಿತು. "ನಿಂತುಹೋಗಿದೆಯಲ್ಲಮ್ಮ."

"ನಿಂತಿದೆ ಅಂತ ಯಾರ್ ನೋಡ್ಬೇಕು? ನಂಗೆ ಬಗ್ಗೋಕಾಗಲ್ಲ. ದಿನಾ ಇಳಿದು ಬಂದು ನೋಡಿ ಹೇಳಿ. ಕಾಫಿ ಇಟ್ಟಿದ್ದೀನಿ."

ಈಗ ನನಗೆ ವಯಸ್ಸಾಗಿದೆ. ಒಂದು ಮೂಲೆ ತುಕ್ಕು ಹಿಡಿದಿದೆ. ಹಗಲೂ ರಾತ್ರಿ ಕತ್ತಲೆಯಲ್ಲಿ ಒಬ್ಬನೇ ಇರುತ್ತೇನೆ, ನನ್ನೊಳಗೆ ಏನೂ ಬೀಳುವುದಿಲ್ಲ. ಬೆಳಿಗ್ಗೆ ಮಾತ್ರ ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದಾಗುತ್ತದೆ. ಒಂದು ಕೈ ನನ್ನನ್ನು ಬೆಳಕಿಗೆ ಎಳೆಯುತ್ತದೆ. ಕಾಫಿ ಲೋಟ ಹಿಡಿದ ಎರಡು ಮುಖಗಳು ನನ್ನೊಳಗೆ ಇಣುಕುತ್ತವೆ.

"ಏನಾದ್ರೂ ಇದೆಯಾ ರಾಯರೇ?"

"ಏನೂ ಇಲ್ಲ ಚೆನ್ನಾಜಮ್ಮನೋರೇ."

"ಸರಿ ಹಾಗಾದ್ರೆ. ನಾಳೆ ನೋಡೋಣ."