ಕೆಳಮನೆಯ ಬಾಡಿಗೆ

"ಕೈ ಸ್ವಲ್ಪ ಮುಂದೆ ಚಾಚು," ಎಂದಳು ದರ್ಜಿ ಅಕ್ಕ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ.

ಮೇಲೆ ಮಹಡಿಯಲ್ಲಿ ಬಾಡಿಗೆಗಿದ್ದವಳು ಕೈ ಚಾಚಿದಳು. ಕೋಟಿನ ತೋಳು ಮಣಿಕಟ್ಟಿಗಿಂತ ಮೇಲಕ್ಕೇ ನಿಂತುಬಿಟ್ಟಿತ್ತು. ದರ್ಜಿ ಅಕ್ಕ ತೋಳಿನ ತುದಿಯನ್ನು ಮಗುಚಿ, ಒಳಗಿನ ಮಡಿಕೆಯನ್ನು ಬೆರಳಿನಿಂದ ತಡವಿ ನೋಡಿ, ಇದನ್ನು ಹೊಲಿದವನು ಮಹಾ ಜಿಪುಣ ಎಂದು ಬೈದಳು. ಒಳಗೆ ಒಂದು ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ. ಒಳಗೆ ಬಟ್ಟೆ ಬಿಡದೆ ಹೊಲಿಯುವವರನ್ನು ಅವಳು ದರ್ಜಿಗಳ ಜಾತಿಗೇ ಸೇರಿಸುತ್ತಿರಲಿಲ್ಲ. ತನ್ನ ಹತ್ತಿರವೇ ಇದೇ ಬಣ್ಣದ ತುಂಡೊಂದಿದೆ, ಕೂಡಿಸಿಕೊಡುತ್ತೇನೆ, ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ ಎಂದಳು.

ಆಮೇಲೆ ಸೂಜಿಗಳನ್ನೆಲ್ಲ ಬಾಯಿಂದ ತೆಗೆದು ಡಬ್ಬಿಗೆ ಹಾಕಿ, ಹೊಲಿಗೆ ಯಂತ್ರದ ಮುಂದೆ ಕುಸಿದು ಕೂತಳು. ಮನೆಯ ಯಜಮಾನರು ಬಂದಿದ್ದರಂತೆ. ಬಾಡಿಗೆ ಮೂರು ಪಟ್ಟು ಮಾಡಿದ್ದಾರಂತೆ. ಆಗದಿದ್ದರೆ ತಿಂಗಳ ಕೊನೆಗೆ ಬೀಗದ ಕೈ ಕೊಟ್ಟುಬಿಡಿ ಎಂದರಂತೆ, ಅದೂ ನಗುನಗುತ್ತಲೇ.

"ನೀನೊಂದು ಮಾತು ಹೇಳಿ ನೋಡು, ತಂಗಿ," ಎಂದಳು. "ಓದಿದವಳು ನೀನು. ನಿನ್ನ ಮಾತನ್ನ ಅವ್ರು ತೆಗೆದುಹಾಕಲ್ಲ."

ಮಹಡಿಯವಳಿಗೆ ಕಾರಣ ಏನಿರಬಹುದು ಎಂದು ಕೇಳುವ ಧೈರ್ಯವಾಗಲಿಲ್ಲ. ಆಯಿತಕ್ಕ, ಸಂಜೆ ಹೋಗೋಣ ಎಂದವಳೇ ಮೆಟ್ಟಿಲೇರಿಬಿಟ್ಟಳು.

ಅವಳು ಈ ಊರಿಗೆ ಬಂದು ವರ್ಷವಾಗುತ್ತ ಬಂದಿತ್ತು. ಕೆಲಸ ಮಾತ್ರ ಬಿಟ್ಟು ಬಂದ ನಗರದ್ದೇ. ಅಲ್ಲಿನ ಒಂದು ವಿಮಾ ಕಂಪನಿಗೆ ಬರುವ ದೂರುಗಳಿಗೆ ಇಲ್ಲಿನ ಕಿಟಕಿಯ ಪಕ್ಕ ಕೂತು ನಯವಾಗಿ ಉತ್ತರ ಬರೆಯುವುದು. ಸಂಬಳ ಅಲ್ಲಿಯ ಲೆಕ್ಕದಲ್ಲಿ ಬರುತ್ತಿತ್ತು, ಖರ್ಚು ಇಲ್ಲಿಯ ಲೆಕ್ಕದಲ್ಲಿ ಹೋಗುತ್ತಿತ್ತು. ಮೊದಮೊದಲು ಪ್ರತಿ ಸಾಮಾನಿಗೂ ಅಲ್ಲಿಯ ಬೆಲೆ ನೆನಪಾಗಿ ಒಳಗೊಳಗೇ ಹಿಗ್ಗುತ್ತಿದ್ದಳು. ಒಬ್ಬಳೇ ಹಿಗ್ಗುವುದರಲ್ಲಿ ಏನು ಸುಖ? ತನ್ನಂತೆ ಊರು ಬಿಟ್ಟು ಊರಿಗೆ ಹೋಗಿ ಕೆಲಸ ಮಾಡುವವರ ಒಂದು ಜಾಲತಾಣದಲ್ಲಿ ಎರಡು ಊರುಗಳನ್ನೂ ಅಕ್ಕಪಕ್ಕ ಇಟ್ಟು ಬರೆಯತೊಡಗಿದಳು. ಹಾಲು, ಬಸ್ಸು, ಹಲ್ಲಿನ ವೈದ್ಯರು, ಕೂದಲು ಕತ್ತರಿಸುವುದು. ಜನ ಮೆಚ್ಚಿದರು. ಅಲ್ಲಿಗೆ ಬರಬೇಕೆಂದಿದ್ದೇವೆ, ಇನ್ನಷ್ಟು ಹೇಳಿ ಎಂದರು. ವಿಮಾ ಕಂಪನಿಯಲ್ಲಿ ಅವಳಿಗೆ ಇನ್ನಷ್ಟು ಹೇಳಿ ಎಂದವರು ಯಾರೂ ಇರಲಿಲ್ಲ.

ಜಾಲತಾಣದವರಿಗೆ ಬೇಕಾಗಿದ್ದುದು ಹೊರಗಿನಿಂದ ಬಂದವರ ಬಾಡಿಗೆಯಲ್ಲ, ಊರಿನವರೇ ಕೊಡುವ ಬಾಡಿಗೆ. ಕೆಳಮನೆಯ ಬಾಡಿಗೆ ಎಷ್ಟೆಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಿದವಳು ದರ್ಜಿ ಅಕ್ಕನೇ. ಮಹಡಿಯವಳು ಜ್ವರದಲ್ಲಿ ಮಲಗಿದ್ದ ವಾರ ಗಂಜಿ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಳಲ್ಲ, ಆಗ ಒಂದು ಮಧ್ಯಾಹ್ನ ಮಂಚದ ಅಂಚಿನಲ್ಲಿ ಕೂತು ಮಾತಿಗೆ ಮಾತು ಬಂದು ಹೇಳಿದ್ದಳು. ಯಜಮಾನರ ತಾಯಿ ಇದ್ದಾಗ ಬಾಯಿಮಾತಿನಲ್ಲಿ ಆದ ಬಾಡಿಗೆ, ಆಮೇಲೆ ಯಾರೂ ಏರಿಸಲೇ ಇಲ್ಲ. "ಯಾರ ಮುಂದೂ ಬಾಯಿ ಬಿಡ್ಬೇಡ ಮತ್ತೆ. ಅವ್ರಿಗೆ ನೆನಪಾದ್ರೆ ನಮ್ಮ ಕಥೆ ಮುಗೀತು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಮಹಡಿಯವಳೂ ನಕ್ಕಿದ್ದಳು. ಜ್ವರ ಬಿಟ್ಟ ಮೇಲೆ ಮೊದಲು ಬರೆದದ್ದೇ ಅದನ್ನು. ಜೊತೆಗೆ ಮನೆಯ ಚಿತ್ರವನ್ನೂ ಹಾಕಿದ್ದಳು, ನೀಲಿ ಗೇಟು ಚೆನ್ನಾಗಿ ಕಾಣುವಂತೆ.

ಈ ಮಧ್ಯಾಹ್ನ ಮೆಟ್ಟಿಲೇರಿ ಬಂದವಳು ಕಿಟಕಿಯ ಪಕ್ಕ ಕೂತು ತಾನು ಬರೆದದ್ದನ್ನು ತೆರೆದಳು. ಓದಲಿಲ್ಲ. ಕಣ್ಣು ಅತ್ತಿತ್ತ ಹಾಯಿಸದೆ ಅಳಿಸಿಬಿಟ್ಟಳು. ಕೆಳಗೆ ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು. ಎದುರಿನ ಆಸ್ಪತ್ರೆಯ ದಾದಿಯರ ಸಮವಸ್ತ್ರಗಳೆಲ್ಲ ಅಲ್ಲಿಯೇ ಹೊಲಿಗೆಯಾಗುವುದು. ಪಾಳಿ ಮುಗಿಸಿ ರಸ್ತೆ ದಾಟಿ ಬಂದು ಅಳತೆ ಕೊಟ್ಟು ಹೋಗುತ್ತಾರೆ. ರಸ್ತೆ ದಾಟುವಷ್ಟು ಹತ್ತಿರವಿಲ್ಲದಿದ್ದರೆ ಯಾಕೆ ಬಂದಾರು? ಅದಲ್ಲದೆ ದರ್ಜಿ ಅಕ್ಕನ ಅತ್ತೆ ಇದ್ದರು. ಅವರಿಗೆ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಆದರೂ ಅಂಗೈಯನ್ನು ಗೋಡೆಗೆ ಸವರಿಕೊಂಡು ಮಂಚದಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲಿಗೆ ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದರು. ಕೈ ಆಡಿದ ಎತ್ತರಕ್ಕೆ ಗೋಡೆಯುದ್ದಕ್ಕೂ ಎಣ್ಣೆಗಪ್ಪಿನ ಒಂದು ಗೆರೆ ಎದ್ದಿತ್ತು. ಬೇರೆ ಮನೆಯಲ್ಲಿ ಆ ಮುದುಕಿ ಮಂಚ ಬಿಟ್ಟು ಏಳುವುದೂ ಕಷ್ಟವೇ.

ಅಳಿಸಿದ ಮೇಲೆ ಅವಳಿಗೆ ಸ್ವಲ್ಪ ಉಸಿರು ಬಂತು. ಯಜಮಾನರು ಓದಿರಲಾರರು, ಆಸ್ಪತ್ರೆಯ ಪಕ್ಕದ ತಮ್ಮ ಔಷಧಿ ಅಂಗಡಿ ಬಿಟ್ಟರೆ ಬೇರೆ ಲೋಕವೇ ಇಲ್ಲದ ಮನುಷ್ಯ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿದ್ದನ್ನು ನಂಬಿಯೂಬಿಟ್ಟಳು. ಸಂಜೆ ದರ್ಜಿ ಅಕ್ಕನ ಜೊತೆ ರಸ್ತೆ ದಾಟುವಾಗ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ದೂರುಗಳಿಗೆ ನಯವಾಗಿ ಉತ್ತರ ಬರೆದು ಪಳಗಿದ ಕೈ ತಾನೆ.

ಔಷಧಿ ಅಂಗಡಿಯಲ್ಲಿ ಯಜಮಾನರು ಇಬ್ಬರಿಗೂ ಬೆಂಚು ತೋರಿಸಿ, ಚಹಾ ತರಿಸಿದರು. ಮಹಡಿಯವಳು ವಯಸ್ಸಾದ ಅತ್ತೆಯಿಂದ ಶುರುಮಾಡಿ, ದಾದಿಯರ ಸಮವಸ್ತ್ರಕ್ಕೆ ಬಂದು, ಇಷ್ಟು ವರ್ಷದ ವಿಶ್ವಾಸದವರೆಗೂ ಹೇಳಿದಳು. ಅವರು ತಲೆದೂಗುತ್ತ ಪೂರ್ತಿ ಕೇಳಿದರು. ದರ್ಜಿ ಅಕ್ಕ ಅವಳ ಕಡೆ ಹೆಮ್ಮೆಯಿಂದ ನೋಡುತ್ತಿದ್ದಳು.

"ನೀವೇ ಹೀಗಂದ್ರೆ ಹೇಗಮ್ಮ?" ಎಂದರು ಯಜಮಾನರು. "ನನ್ನ ಕಣ್ಣು ತೆರೆಸಿದವರೇ ನೀವು."

ಕನ್ನಡಕ ಹುಡುಕಿ ಹಾಕಿಕೊಂಡು, ಗಲ್ಲಾದ ಪಕ್ಕದಲ್ಲಿದ್ದ ಫೋನ್ ಎತ್ತಿಕೊಂಡು, ಶಾಲೆಯ ಮಗುವಿನಂತೆ ಒಂದೊಂದೇ ಪದವನ್ನು ಬಿಡಿಸಿ ಓದಿದರು. "ನನ್ನ ಕೆಳಗಿನ ಮನೆಯಲ್ಲಿ ಒಂದು ಸಂಸಾರ, ಒಂದು ಹೊಲಿಗೆ ಅಂಗಡಿ. ಎರಡೂ ಸೇರಿ ಕೊಡುವ ಬಾಡಿಗೆ, ಅಲ್ಲಿ ನಾನು ಕಾರು ನಿಲ್ಲಿಸಲು ಕೊಡುತ್ತಿದ್ದುದಕ್ಕಿಂತ ಕಡಿಮೆ. ಯಜಮಾನರು ಯಾವ ಕಾಲದಲ್ಲಿ ಉಳಿದುಬಿಟ್ಟಿದ್ದಾರೋ, ಪುಣ್ಯಾತ್ಮರು! ಯಾರೂ ಎಬ್ಬಿಸದಿರಲಿ." ಓದಿ ಮುಗಿಸಿ ಕನ್ನಡಕ ತೆಗೆದರು. ನಗುತ್ತಿದ್ದರು, ಆದರೆ ಕಿವಿ ಕೆಂಪಾಗಿತ್ತು. ಎಷ್ಟೋ ಜನ ಇದನ್ನು ಓದಿ ನಕ್ಕಿದ್ದಾರಂತೆ. ಗೇಟು ನೋಡಿ ಗುರುತು ಹಿಡಿದದ್ದು ಸೊಸೆ.

"ಮಧ್ಯಾಹ್ನದಿಂದ ಹುಡುಕಿದ್ರೆ ಸಿಗ್ತಾ ಇಲ್ಲ, ಯಾರೋ ಅಳಿಸಿಬಿಟ್ಟಿದ್ದಾರೆ," ಎಂದರು. "ಸದ್ಯ, ಸೊಸೆ ಮೊದಲೇ ಫೋಟೋ ತೆಗೆದು ಕಳಿಸಿದ್ಲು."

ದರ್ಜಿ ಅಕ್ಕ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟಳು. 'ಮಧ್ಯಾಹ್ನದಿಂದ' ಎಂಬ ಮಾತು ಅವಳಲ್ಲಿ ಇಳಿಯುವುದನ್ನು ಮಹಡಿಯವಳು ಪಕ್ಕದಲ್ಲೇ ಕೂತು ನೋಡಿದಳು. ಬರೆದದ್ದಕ್ಕಿಂತ ಅಳಿಸಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು. ಮುಖ ಎಲ್ಲಿಡಬೇಕೋ ತಿಳಿಯದೆ ಕೆಮ್ಮಿನ ಔಷಧಿಯ ಸೀಸೆಗಳ ಸಾಲನ್ನು ದಿಟ್ಟಿಸಿದಳು. ಯಜಮಾನರು ಮಾತ್ರ, ತಾನೇನೂ ಕೆಟ್ಟವನಲ್ಲ, ಊರೆಲ್ಲ ತಗೊಳ್ಳುವಷ್ಟನ್ನೇ ಕೇಳುತ್ತಿದ್ದೇನೆ ಎಂದು ಹೇಳುತ್ತಲೇ ಇದ್ದರು.

ವಾಪಸು ಬರುವಾಗ ರಸ್ತೆಯ ನಡುವೆ ಮಹಡಿಯವಳು ಬಾಯಿ ಬಿಟ್ಟಳು. ತಪ್ಪಾಯಿತು, ಹೆಚ್ಚಾದ ಬಾಡಿಗೆಯನ್ನು ತಾನೇ ತುಂಬುತ್ತೇನೆ, ತನಗದು ಭಾರವಲ್ಲ ಎಂದಳು. ಭಾರವಲ್ಲ ಎಂದದ್ದು ಕೂಡ ತಪ್ಪೇ ಎಂದು ಆಡಿದ ಮೇಲೆ ಗೊತ್ತಾಯಿತು.

"ಬೇಡಿ, ಮೇಡಂ," ಎಂದಳು ದರ್ಜಿ ಅಕ್ಕ. "ನಿಮ್ಮ ಲೆಕ್ಕದಲ್ಲಿ ಒಂದು ಸಲ ಬಂದಿದ್ದೇ ಸಾಕು."

ಒಂದು ವರ್ಷದ 'ನೀನು', 'ತಂಗಿ' ಎಲ್ಲ ಅಲ್ಲಿಗೆ ಮುಗಿಯಿತು. ಆಮೇಲೆ ಮಹಡಿಯವಳು ಮೆಟ್ಟಿಲು ಇಳಿಯುವಾಗ ಸದ್ದಾಗದಂತೆ ಇಳಿಯತೊಡಗಿದಳು. ಕಂಪನಿಯ ಫೋನ್ ಮಾತುಕತೆಗಳಲ್ಲಿ ಅತ್ತ ಕಡೆಯವರು, ನಿಮ್ಮಲ್ಲಿ ಅದೇನು ಟಕಟಕ ಸದ್ದು ಎಂದು ಕೇಳಿದರೆ ಮೊದಲಿನಂತೆ ಕೆಳಗಿನ ಹೊಲಿಗೆ ಯಂತ್ರದ ತಮಾಷೆ ಮಾಡಲು ಬಾಯಿ ಬರುತ್ತಿರಲಿಲ್ಲ. ಜಾಲತಾಣದವರು ಮುಂದಿನದು ಯಾವಾಗ ಎಂದು ಕೇಳುತ್ತಿದ್ದರು. ಅವಳು ಅಲ್ಲಿ ಬರೆಯುವುದನ್ನೇ ಬಿಟ್ಟಳು.

ತಿಂಗಳ ಕೊನೆಗೆ ಗೇಟಿನ ಮುಂದೆ ಸಾಮಾನಿನ ಗಾಡಿ ನಿಂತಿತು. ಊರಾಚೆ, ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರ ದರ್ಜಿ ಅಕ್ಕನಿಗೆ ಒಂದು ಕೋಣೆ ಸಿಕ್ಕಿದೆಯೆಂದು ಮಹಡಿಯವಳಿಗೆ ಹೇಳಿದವರು ಬೇರೆ ಯಾರೋ. ಯಂತ್ರ ಗಾಡಿ ಏರಿತು, ಮಂಚ ಏರಿತು. ಅತ್ತೆಯನ್ನು ಇಬ್ಬರು ದಾದಿಯರು ಕೈಹಿಡಿದು ಹೊರಗೆ ಕರೆತಂದರು. ಮುದುಕಿ ಅವರ ಕೈ ಬಿಡಿಸಿಕೊಂಡು ಗೋಡೆಗಾಗಿ ತಡಕಾಡುತ್ತಿತ್ತು. ಮಹಡಿಯವಳು ಕಿಟಕಿಯ ಪರದೆಯ ಹಿಂದೆ ನಿಂತಿದ್ದಳು. ಇಳಿದು ಹೋಗಿ ಒಂದು ಚೀಲವನ್ನಾದರೂ ಎತ್ತಿ ಕೊಡುವ ಮುಖ ಅವಳಿಗಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ದರ್ಜಿ ಅಕ್ಕ ಕೋಟು ತಂದಿದ್ದಳು, ಇಸ್ತ್ರಿ ಮಾಡಿ ಮಡಚಿ. ಮಹಡಿಯವಳು ಪರ್ಸು ತೆರೆದು ಎಷ್ಟು ಎಂದು ಕೇಳಿದಳು.

"ನಿಮ್ಮೂರಲ್ಲಿ ಎಷ್ಟು ತಗೋತಾರೆ, ಮೇಡಂ?"

ಮಹಡಿಯವಳಿಗೆ ಗೊತ್ತಿರಲಿಲ್ಲ. ಎರಡು ಊರುಗಳ ಹಾಲಿನಿಂದ ಹಲ್ಲಿನವರೆಗೆ ಎಲ್ಲವನ್ನೂ ಅಳೆದು ಬರೆದಿದ್ದವಳು ಅಲ್ಲಿ ಒಂದು ತೋಳನ್ನೂ ರಿಪೇರಿ ಮಾಡಿಸಿರಲಿಲ್ಲ. ಗಿಡ್ಡವಾದದ್ದನ್ನು, ಹರಿದದ್ದನ್ನು ಬಿಸಾಡಿ ಹೊಸದು ಕೊಳ್ಳುತ್ತಿದ್ದಳು. ತೆರೆದ ಪರ್ಸು ಹಿಡಿದುಕೊಂಡು ನಿಂತೇ ಇದ್ದಳು.

ದರ್ಜಿ ಅಕ್ಕ ದಾದಿಯರ ಹತ್ತಿರ ತೆಗೆದುಕೊಳ್ಳುವಷ್ಟನ್ನೇ ಹೇಳಿದಳು. ತೆಗೆದುಕೊಂಡಳು. ಹೊರಟವಳು ಮೆಟ್ಟಿಲ ಮೇಲೆ ನಿಂತು, ತಿರುಗದೆಯೇ ಹೇಳಿದಳು: "ತೋಳಿನ ಒಳಗೆ ಬಟ್ಟೆ ಬಿಟ್ಟಿದೀನಿ. ಮುಂದೆ ಬೇಕಾದ್ರೆ ಯಾರ ಹತ್ರ ಬೇಕಾದ್ರೂ ಬಿಚ್ಚಿಸ್ಕೊಳ್ಳಿ."

ಆ ವಾರವೇ ಯಜಮಾನರು ಕೆಳಮನೆಗೆ ಬಣ್ಣ ಬಳಿಸಲು ಶುರುಮಾಡಿದರು. ಬರುವವರು ನಿಮ್ಮೂರಿನ ಕಡೆಯವರೇ, ನೀವು ಬರೆದದ್ದನ್ನು ಓದಿಕೊಂಡೇ ಬರುತ್ತಿದ್ದಾರೆ ಎಂದು ಸಂತೋಷದಿಂದ ತಿಳಿಸಿದರು. ಹೊರಗೆ ಹೊರಟ ಮಹಡಿಯವಳನ್ನು ಬಣ್ಣದವನು ಬಾಗಿಲಲ್ಲೇ ತಡೆದು ಒಳಗೆ ಕರೆದ. ಗೋಡೆಗಳೆಲ್ಲ ಬೆಳ್ಳಗಾಗಿದ್ದವು. ಸೊಂಟಕ್ಕಿಂತ ಸ್ವಲ್ಪ ಮೇಲೆ, ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ, ಆ ಗೆರೆ ಬಿಳಿಯ ಅಡಿಯಿಂದ ಮಸುಕಾಗಿ ಮತ್ತೆ ಎದ್ದು ಬಂದಿತ್ತು.

"ಎಷ್ಟು ಬಳಿದ್ರೂ ಹೋಗ್ತಿಲ್ಲ," ಎಂದ ಅವನು. "ಏನಮ್ಮ ಇದು, ನಿಮಗೇನಾದ್ರೂ ಗೊತ್ತಾ?"

ಅವಳು ಗೊತ್ತಿಲ್ಲ ಎಂದಳು. ಅವನು ಕುಂಚವನ್ನು ಮತ್ತೆ ಬಣ್ಣದಲ್ಲಿ ಅದ್ದಿದ.